ಕೊರಿಯಾದವರ ಸೇಡು ಅಂದ್ರ ಒಂದ ಏಟಿಗೆ ಮುಗಿಯೂ ಮಾತಲ್ಲ

ಜಿರಳಿ ಕಂಡ್ರ ಹೊಯ್ಕೊಂಡು ಮನಿಯವ್ರನ್ನ ಕರಿಯೂ ಹೆಂಗಸು ನಾನು. ಅಂಥಾಕಿ ದಿನಾ ಮಧ್ಯಾಹ್ನ ಊಟಾ ಆಗಿ, ಭಾಂಡಿ ಡಬ್ಬ ಹಾಕಿ, ಕಿವ್ಯಾಗ ಇಯರ್‌ಫೋನ್ ಸಿಗಿಸ್ಕೊಂಡು, ಒಬ್ಬಂವ ಸುತ್ತಗಿ ಹಿಡದು ಮಂದೀನ ಬಡಿಯೂದನ್ನ ನೋಡ್ತೀನಿ ಅಂದ್ರ ಯಾರೂ ನಂಬಂಗಿಲ್ಲ. ನಮ್ಮ ಓಣಿ ಹೆಣ್ಮಕ್ಕಳೂ ಕೊರಿಯಾದ್ದು ನೋಡ್ತಾರ, ಇಲ್ಲಂತಲ್ಲ. ಆದ್ರ ಅವ್ರು ನೋಡೂದು ಪ್ರೀತಿದು. ಹಿಮಾ ಬೀಳ್ತಿರ್ತದ, ಹುಡುಗ ಛತ್ರಿ ಹಿಡೀತಾನ, ಎಂಟು ಎಪಿಸೋಡ್ ಆದ್ರೂ ಕೈ ಹಿಡಿಯಂಗಿಲ್ಲ. ನನಗ ಅದು ಎರಡ ದಿವಸಕ್ಕ ಸಾಕಾತು. ನನಗ ಬೇಕಾದ್ದು ಸೇಡಿನ ಕತಿ.

"ಅವ್ವಾ, ನಿನಗ ಏನ್ ಕಡಿಮಿ ಆಗೇದ ಅಂತ ಇಂಥಾವು ನೋಡ್ತಿ?" ಅಂತ ಮಗಳು ಫೋನ್ ಮಾಡಿದಾಗೊಮ್ಮೆ ಕೇಳ್ತಾಳ. ನಮ್ಮ ಮನಿಯವ್ರಂತೂ "ಇನ್ ಮ್ಯಾಲೆ ನಿನ್ನ ಕೈಯಾಗ ಈಳಗಿ ಕೊಡೂ ಮುಂದ ವಿಚಾರ ಮಾಡಬೇಕು" ಅಂತಾರ. ಚಾಷ್ಟಿ ಮಾಡ್ತಾರ, ಮಾಡ್ಲಿ. ಆದ್ರ ಅಕಿ ಕೇಳಿದ ಪ್ರಶ್ನೆ ನನಗೂ ಇತ್ತು. ಯಾಕ ಹಿಡಸ್ತಾವ ಇವು?

ಮೊದಲ ನೋಡಿದ್ದು 'ಓಲ್ಡ್‌ಬಾಯ್'. 2003ರ ಪಿಕ್ಚರ್, ಪಾರ್ಕ್ ಚಾನ್-ವೂಕ್ ಅನ್ನಾಂವ ತಗದದ್ದು, ಮರುವರ್ಷ ಕಾನ್ ಚಿತ್ರೋತ್ಸವದಾಗ ಗ್ರಾಂಡ್ ಪ್ರೀ ಬಂತು ಅದಕ್ಕ. ಓ ದೇ-ಸು ಅನ್ನೋ ಒಬ್ಬ ಸಾದಾ ಸಂಸಾರಸ್ಥ, ಸ್ವಲ್ಪ ಕುಡುಕ, ಒಂದು ರಾತ್ರಿ ಕಾಣಿ ಆಗ್ತಾನ. ಯಾರೋ ಎತ್ತಿ ಒಯ್ದು ಒಂದು ಖೋಲ್ಯಾಗ ಹಾಕಿರ್ತಾರ. 15 ವರ್ಷ! ಯಾಕ ಹಾಕ್ಯಾರ, ಯಾವಾಗ ಬಿಡ್ತಾರ, ಒಂದೂ ಹೇಳಂಗಿಲ್ಲ. ಟಿವಿ ಒಂದು ಇರ್ತದ. ಊಟಕ್ಕ ಕರದ ಮಾಂಡು. ಮಾಂಡು ಅಂದ್ರ ನಮ್ಮ ಕರಚೀಕಾಯಿ ಇದ್ದಂಗ ನೋಡ್ರಿ, ಒಳಗ ಸಿಹಿ ಬದ್ಲಿ ಮಾಂಸ, ಈರುಳ್ಳಿ ತಪ್ಪಲ ಇರ್ತದ. ಬಿಟ್ಟ ಮ್ಯಾಲೆ ಅಂವ ತನ್ನನ್ನ ಹಿಡದಿಟ್ಟವ್ರನ್ನ ಹೆಂಗ ಹುಡುಕ್ತಾನ ಹೇಳ್ರಿ? ಪೊಲೀಸರ ಕಡೆ ಹೋಗಂಗಿಲ್ಲ. ಹೋಟೆಲ್‌ನಿಂದ ಹೋಟೆಲ್‌ಗೆ ಹೋಗಿ ಮಾಂಡು ತಿಂತಾನ! ಹದಿನೈದು ವರ್ಷ ತಿಂದ ರುಚಿ ನಾಲಿಗಿ ಮರತಿಲ್ಲ. ಒಂದು ಹೋಟೆಲ್‌ನಾಗ ಕಚ್ಚಿದ ಕೂಡ್ಲೆ ಗೊತ್ತಾಗ್ತದ, ಇದ ಅದು ಅಂತ.

ನಾ ಅಲ್ಲೇ ಪಿಕ್ಚರ್ ನಿಲ್ಲಿಸಿ ಒಂದ ಗಳಿಗಿ ಸುಮ್ಮನ ಕೂತೆ. ನಮ್ಮಲ್ಲಿ ಹೀರೋ ಸೇಡಿಗೆ ಹೊಂಟ್ರ ಜೀಪ್ ಹಾರ್ತಾವ, ಹಿಂದ ಬೆಂಕಿ ಹತ್ತಿರ್ತದ. ಇಲ್ಲೆ ಒಬ್ಬಂವ ಬಾಯಾಗಿನ ರುಚಿ ನೆನಪಿಟ್ಟು ಸೇಡು ತೀರಿಸ್ಲಿಕ್ಕೆ ಹೊಂಟಾನ. ಇದು ಅಡಗಿ ಮನ್ಯಾಗ ಜೀವಾ ತೇದವ್ರಿಗೆ ಲಗೂನ ತಿಳೀತದ. ಆಮ್ಯಾಲಿನ ಸುತ್ತಗಿ ಫೈಟಿಂಗೂ ಅಷ್ಟ. ಉದ್ದನ್ನ ಪಡಸಾಲಿಯಂಥಾ ಜಾಗಾದಾಗ ಕಟ್ ಇಲ್ಲದ ಹೊಡದಾಟ. ಅದರಾಗ ಅಂವ ದಣೀತಾನ, ಬಗ್ಗಿ ಏದುಸಿರು ಬಿಡ್ತಾನ, ಬೆನ್ನಾಗ ಚಾಕು ಚುಚ್ಚಿರ್ತದ. ದಣದ ಹೀರೋನ್ನ ನಾ ಅದ ಮೊದಲ ನೋಡಿದ್ದು. ಕಡೀಕ್ಕ ತಿಳಿಯೂದೇನಂದ್ರ, ಇಷ್ಟಕ್ಕೆಲ್ಲಾ ಮೂಲ ಸಾಲ್ಯಾಗಿದ್ದಾಗ ಅಂವಾ ಆಡಿದ ಒಂದು ಹಗುರ ಮಾತು. ಪೂರ್ತಿ ಹೇಳಂಗಿಲ್ಲ, ನೋಡವ್ರು ನೋಡ್ರಿ. ಮಕ್ಕಳನ್ನ ಮಾತ್ರ ಹತ್ರ ಕೂಡಿಸ್ಕೋಬ್ಯಾಡ್ರಿ.

ಇಂಥಾ ಕತಿ ಆ ದೇಶದಾಗ ಇಷ್ಟ್ಯಾಕ ಅಂತ ಹುಡುಕಿ ಓದ್ಲಿಕ್ಕೆ ಕೂತೆ. ಒಂದು ಸಂಗತಿ ಸಿಕ್ತು. ಅಲ್ಲೆ ಖೂನಿ ಕೇಸಿಗೂ ಮುದ್ದತು ಇತ್ತಂತ! ಖೂನಿ ಆಗಿ 15 ವರ್ಷದಾಗ ಕೇಸ್ ಹಾಕಲಿಲ್ಲ ಅಂದ್ರ ಮುಗೀತು, ಖೂನಿ ಮಾಡಿದಾಂವ ಎದುರಿಗೆ ಬಂದು ನಿಂತ್ರೂ ಏನೂ ಮಾಡ್ಲಿಕ್ಕೆ ಬರ್ತಿದ್ದಿಲ್ಲ. 2007ರಾಗ ಅದನ್ನ 25 ವರ್ಷ ಮಾಡಿದ್ರು, 2015ರಾಗ ಪೂರ್ತಿ ತಗದ್ರು. ತಗಸಿದ್ದು ಒಂದು ತಾಯಿ-ತಂದಿ ಹೋರಾಟ. ದೇಗು ಊರಾಗ 1999ರಾಗ ಆರು ವರ್ಷದ ಕೂಸಿನ ಮ್ಯಾಲೆ ಯಾರೋ ಆಸಿಡ್ ಹಾಕಿದ್ರು, ಕೂಸು ಹೋತು, ಹಾಕಿದಾಂವ ಸಿಗಲಿಲ್ಲ. ಆ ಕೂಸಿನ ಹೆಸರ್ಲೆ ಕಾಯ್ದೆ ಬಂತು, ಆದ್ರ ಆ ಕೂಸಿನ ಕೇಸಿನ ಮುದ್ದತು ಅಷ್ಟೊತ್ತಿಗೆ ಮುಗದಿತ್ತು. ಬ್ಯಾರೆಯವ್ರ ಮಕ್ಕಳಿಗೆ ಉಪಯೋಗ ಆತು, ತಮ್ಮ ಕೂಸಿಗೆ ಆಗಲಿಲ್ಲ. ಇನ್ನ ಹ್ವಾಸೊಂಗ್ ಕಡೆ 1986ರಿಂದ 1991ರ ತನಕಾ ಹತ್ತು ಮಂದಿ ಹೆಣ್ಮಕ್ಕಳ ಖೂನಿ ಆಗಿದ್ವು. ಬೊಂಗ್ ಜೂನ್-ಹೊ 'ಮೆಮೊರೀಸ್ ಆಫ್ ಮರ್ಡರ್' ಪಿಕ್ಚರ್ ತಗದದ್ದು ಅದರ ಮ್ಯಾಲೇನ. ಮಾಡಿದಾಂವ ಯಾರು ಅಂತ ಡಿಎನ್‌ಎ ನೋಡಿ ಗೊತ್ತಾಗಿದ್ದು 2019ರಾಗ. ಆ ಕೇಸುಗಳ ಮುದ್ದತೂ ಮುಗದಿತ್ತು. ಅಂವ ಬ್ಯಾರೆ ಖೂನಿಗೆ ಜೇಲಿನಾಗ ಇದ್ದ ಅನ್ನೂದೊಂದ ಸಮಾಧಾನ.

ನಮ್ಮ ಕಾಯ್ದೇದಾಗ ಖೂನಿಗೆ ಮುದ್ದತು ಇಲ್ಲ. ಆದ್ರ ಕಾಯ್ದೇದ ತನಕಾ ಹೋಗದ ಇರೂ ಮನಿ ಒಳಗಿನ ಲೆಕ್ಕಾ ಇರ್ತಾವಲ್ಲ, ಅವಕ್ಕ ಯಾ ದೇಶದಾಗೂ ಕೋರ್ಟಿಲ್ಲ.

ಅದಕ್ಕ ನನಗ ಎಲ್ಲಾದಕ್ಕಿಂತ ಹಿಡಿಸಿದ್ದು 'ಲೇಡಿ ವೆಂಜನ್ಸ್'. ಅದೂ ಪಾರ್ಕ್ ಚಾನ್-ವೂಕ್‌ದ, 2005ರದ್ದು. ಗುಮ್-ಜಾ ಅನ್ನಾಕಿ ತಾ ಮಾಡದ ಖೂನಿ ಒಪ್ಕೊಂಡು 13 ವರ್ಷ ಜೇಲಿನಾಗ ಇರ್ತಾಳ. ಒಪ್ಕೊಳ್ಳಿಲ್ಲಂದ್ರ ನಿನ್ನ ಕೂಸು ಉಳಿಯಂಗಿಲ್ಲ ಅಂತ ಖರೇ ಖೂನಿಗಾರ ಹೆದರಿಸಿರ್ತಾನ. ಜೇಲಿನಾಗ ಅಕಿ ದೇವತಾ! ಎಲ್ಲಾರ ಸೇವಾ ಮಾಡ್ತಾಳ, ಒಬ್ಬಾಕಿಗೆ ತನ್ನ ಕಿಡ್ನಿ ಕೊಡ್ತಾಳ. ಎಲ್ಲಾರೂ 'ಒಳ್ಳೆಯಾಕಿ ಗುಮ್-ಜಾ' ಅಂತಾರ. ಆ ಒಳ್ಳೇತನದ ಒಳಗ ಅಕಿ ಮಾಡ್ಲಿಕತ್ತಿದ್ದು ಬ್ಯಾರೆ, ಬಿಟ್ಟ ಮ್ಯಾಲೆ ಯಾರ ಯಾರ ಕಡಿಂದ ಏನೇನ್ ಸಹಾಯ ತಗೋಬೇಕು ಅನ್ನೂ ತಯಾರಿ. ಬಿಡುಗಡಿ ದಿವಸ ಚರ್ಚಿನವ್ರು ತಾಟಿನಾಗ ತೋಫು ಹಿಡಕೊಂಡು ನಿಂತಿರ್ತಾರ. ಜೇಲಿನಿಂದ ಬಂದವ್ರಿಗೆ ಬಿಳೀ ತೋಫು ತಿನಸೂದು ಅಲ್ಲಿ ಪದ್ಧತಿ, ಇನ್ ಮುಂದ ಅದರಂಗ ಸ್ವಚ್ಛ ಇರು ಅಂತ. ಅಕಿ ಆ ತಾಟನ್ನ ಒಂದ ಬಟ್ಟಿಲೆ ಉರುಳಿಸಿ ಮುಂದ ಹೋಗ್ತಾಳ. ಆಮ್ಯಾಲೆ ಕಣ್ಣಿನ ರೆಪ್ಪಿಗೆ ಕೆಂಪ ಬಣ್ಣ ಹಚ್ಕೊಂಡು ಅಡ್ಡಾಡ್ತಾಳ. ಯಾಕ ಅಂದ್ರ, ಮಂದಿಗೆ ತಾ ಒಳ್ಳೆಯಾಕಿ ಹಂಗ ಕಾಣಬಾರದು ಅಂತ.

ಈ ಪಾತ್ರ ಮಾಡಿದಾಕಿ ಲೀ ಯಂಗ್-ಏ. 'ದೇ ಜಾಂಗ್ ಗುಮ್' ಸೀರಿಯಲ್‌ನಾಗ ಅರಮನಿ ಅಡಗಿ ಮಾಡೂ ಹುಡುಗಿ ಆಗಿ ಇಡೀ ದೇಶಕ್ಕ ಪ್ರೀತಿ ಆದಾಕಿ. ಅಂಥಾ ಮುಖಾನ ಆರಿಸಿ ಕಣ್ಣಿಗೆ ಕೆಂಪ ಹಚ್ಯಾರ ನೋಡ್ರಿ, ಅಲ್ಲೆ ಅದ ನಿರ್ದೇಶಕನ ಶಾಣ್ಯಾತನ.

ಒಳ್ಳೆಯಾಕಿ ಅನ್ನೂ ಹೆಸರಿನ ರೇಟು ನನಗ ಗೊತ್ತದ. ನಾಕು ತೊಲಿ. ನಮ್ಮವ್ವ ನನ್ನ ಮದವ್ಯಾಗ ಹಾಕಿದ ಪಾಟ್ಲಿ ಮನ್ಯಾಗಿನ ಒಂದು ಶುಭಕಾರ್ಯಕ್ಕ ಅಂತ ಹೋದ್ವು. ನನ್ನ ಕೇಳಿ ಅಲ್ಲ, ನಾ ತವರಮನ್ಯಾಗ ಬಾಣಂತನಕ್ಕ ಹೋದಾಗ ಟ್ರೆಝರಿ ತಗದು. ನಾ ಕೂಸಿನ್ನ ಎತ್ಕೊಂಡು ವಾಪಸ್ ಬರೂದ್ರಾಗ ಮಂದೀಗೆಲ್ಲಾ "ಏನ್ ಮನಸಪಾ ಆ ಹುಡುಗಿದು, ಕೇಳಿದ ಕೂಡ್ಲೆ ಕೊಟ್ಟುಬಿಟ್ಲು" ಅಂತ ಹೇಳಿ ಆಗಿತ್ತು. ಆಮ್ಯಾಲೆ ಹೆಂಗ ಕೇಳೂದು ಹೇಳ್ರಿ? ತಗದವ್ರು ಈಗಿಲ್ಲ, ಯಾರು ಅಂತ ಬರಿಯಂಗಿಲ್ಲ.

ಕೊರಿಯಾದಾಗ ಇದಕ್ಕ ಒಂದು ಜಡ್ಡಿನ ಹೆಸರ ಅದ. ಹ್ವಾಬ್ಯೊಂಗ್. ಹ್ವಾ ಅಂದ್ರ ಬೆಂಕಿ, ಬ್ಯೊಂಗ್ ಅಂದ್ರ ಜಡ್ಡು. ಸಿಟ್ಟನ್ನ ವರ್ಷಗಟ್ಟಲೆ ನುಂಗಿ ನುಂಗಿ ಎದಿ ಬಿಗಿತದ, ಮೈ ಕಾವು ಏರ್ತದ, ಗಂಟಲಾಗ, ಹೊಟ್ಟ್ಯಾಗ ಗಂಟು ಕೂತಂಗ ಆಗ್ತದ. ನಡು ವಯಸ್ಸು ದಾಟಿದ ಮನಿ ಹೆಣ್ಮಕ್ಕಳಿಗೇ ಹೆಚ್ಚು ಕಾಣಸ್ತದಂತ. ಅಮೆರಿಕಾದ ಮನೋವೈದ್ಯರು 1994ರಾಗ ತಗದ ತಮ್ಮ ದೊಡ್ಡ ಪುಸ್ತಕದಾಗೂ ಇದನ್ನ ಬರದ್ರು. ನಾ ಇದನ್ನ ಓದಿ ನಕ್ಕೆ. ನನಗ ಹಿಂಗ ಆದಾಗ ಇಸಿಜಿ ಮಾಡಿಸಿ, ಗ್ಯಾಸ್ ಅಂದು, ಗುಳಿಗಿ ಕೊಟ್ಟು ಕಳಿಸಿದ್ರು. ಮನ್ಯಾಗ ಪಿತ್ತ ಅಂತ ಹೇಳಿ ಇಂಗು ಹಾಕಿದ ಮಜ್ಜಿಗಿ ಕೊಟ್ರು. ಆ ದೇಶದಾಗ ಅದಕ್ಕೊಂದು ಹೆಸರರೆ ಇಟ್ಟಾರ.

ಹಂಗಂತ ಎಲ್ಲಾ ಸೇಡಿನ ಪಿಕ್ಚರ್ ಛಲೋ ಅಂತ ನಾ ಹೇಳಂಗಿಲ್ಲ. 2010ರದ್ದು 'ಐ ಸಾ ದ ಡೆವಿಲ್', ಕಿಮ್ ಜೀ-ವೂನ್‌ದು. ಭಾಳ ಮಂದಿ ಹೊಗಳ್ಯಾರ. ಖೂನಿಗಾರ ಒಬ್ಬ ಸರ್ಕಾರಿ ಏಜೆಂಟನ ಮದವಿ ಗೊತ್ತಾದ ಹುಡುಗೀನ್ನ ಕೊಲ್ತಾನ. ಏಜೆಂಟ ಅವನ್ನ ಹಿಡದು, ಹೊಡದು, ಎಲ್ಲಿ ಹೋಗ್ತಾನ ಅಂತ ತಿಳಿಯೂ ಒಂದು ಗುಳಿಗಿ ನುಂಗಿಸಿ ಬಿಡ್ತಾನ. ಮತ್ತ ಹಿಡೀತಾನ, ಹೊಡೀತಾನ, ಬಿಡ್ತಾನ, ಬೆಕ್ಕು ಇಲಿ ಆಡಿಸಿದಂಗ. ಈ ಆಟದಾಗ ಆ ಹುಡುಗಿ ಅಪ್ಪ, ತಂಗಿನೂ ಅವನ ಕೈಗೆ ಸಿಗ್ತಾರ. ಕತಿ ನಮ್ಮ ಮಹಾಭಾರತದಾಗೂ ಅದ, ಭೀಮ ದುರ್ಯೋಧನನ ತೊಡಿ ಮುರದ ರಾತ್ರೀನ ಅಶ್ವತ್ಥಾಮ ಬಂದು ದ್ರೌಪದಿ ಐದೂ ಮಕ್ಕಳನ್ನ ಕೊಂದ. ಅದು ತಿಳೀತದ. ಆದ್ರ ಆ ಪಿಕ್ಚರ್‌ನಾಗ ಹೆಣ್ಮಕ್ಕಳು ಬರೂದ ಸಾಯ್ಲಿಕ್ಕೆ, ಅವ್ರಿಗೆ ಒಂದು ಮಾತಿಲ್ಲ ಕತಿ ಇಲ್ಲ. ನಾ ಅರ್ಧಕ್ಕ ಬಂದ್ ಮಾಡಿ, ನಾಕ ದಿವಸ ಬಿಟ್ಟು ಪೂರಾ ಮಾಡಿದೆ. ಮತ್ತ ನೋಡಂಗಿಲ್ಲ.

'ದ ಗ್ಲೋರಿ' ನೋಡ್ರಿ ಬೇಕಾದ್ರ. 2022ರ ಡಿಸೆಂಬರ್‌ದಾಗ ಮೊದಲ ಭಾಗ, 2023ರ ಮಾರ್ಚ್‌ದಾಗ ಎರಡನೇದು, ಹದಿನಾರು ಎಪಿಸೋಡ್. ಬರದಾಕಿ ಕಿಮ್ ಉನ್-ಸುಕ್, ಆ ಹಿಮ-ಛತ್ರಿ ಪ್ರೀತಿ ಕತಿ ಬರದ ಪ್ರಸಿದ್ಧ ಆದಾಕಿನ! ಸಾಲ್ಯಾಗ ಕೂದಲಾ ಸುರುಳಿ ಮಾಡೂ ಬಿಸಿ ಕಬ್ಬಿಣದಿಂದ ಸುಟ್ಟ ಗೆಳತ್ಯಾರ ಮ್ಯಾಲೆ ಒಬ್ಬಾಕಿ ದೊಡ್ಡಾಕಿ ಆಗಿ ಸೇಡು ತೀರಿಸ್ಕೋತಾಳ. ನಾ ಅಕಿ ಸಲವಾಗಿ ನೋಡಲಿಲ್ಲ. ಅಕಿಗೆ ಸಹಾಯ ಮಾಡೂ ಮನಿಗೆಲಸದ ಹೆಣ್ಮಗಳು ಹ್ಯೊನ್-ನಮ್ ಸಲವಾಗಿ ನೋಡಿದೆ. ಗಂಡ ದಿನಾ ಹೊಡೀತಾನ. ಅಕಿ ಒಪ್ಪಂದ ಮಾಡ್ಕೋತಾಳ, ನಾ ನಿನ್ನ ಕೆಲಸಾ ಮಾಡ್ತೀನಿ, ನೀ ನನ್ನ ಗಂಡನ್ನ ಮುಗಿಸು ಅಂತ. ಗುಪ್ತಚರ ಆಗ್ಲಿಕ್ಕೆ ಅಂತ ಕಾರ್ ಕಲೀತಾಳ, ಫೋಟೋ ತಗಿಯೂದು ಕಲೀತಾಳ. ಇಷ್ಟೆಲ್ಲಾ ದುಃಖದಾಗ ಅಕಿ ನಗ್ತಾಳ್ರಿ, ಖರೇನ ನಗ್ತಾಳ. ಹೊಡತಾ ತಿಂದವ್ರು ಯಾವಾಗ್ಲೂ ಅಳತಿರ್ಬೇಕು ಅಂತ ತಿಳಕೊಂಡವ್ರು ಅಕಿನ್ನ ನೋಡ್ಬೇಕು.

ಇನ್ನ 'ಬೆಡೆವಿಲ್ಡ್'. 2010ರದ್ದು. ಇದನ್ನ ನಮ್ಮ ಅತ್ತಿಯವ್ರ ಜೋಡಿ ನೋಡಿದೆ. ಅವ್ರಿಗೆ ಎಂಬತ್ತೆರಡು, ಕೊರಿಯಾ ಎಲ್ಲದ ಗೊತ್ತಿಲ್ಲ, ಕೆಳಗ ಬರೂ ಇಂಗ್ಲಿಷ್ ಬರಂಗಿಲ್ಲ. ಟಿವಿದಾಗ ಹಚ್ಚಿದ್ದೆ, ಬಂದು ಕೂತ್ರು, ಏಳಲಿಲ್ಲ. ಸಣ್ಣ ದ್ವೀಪ, ಮುದುಕ್ಯಾರ ಹೆಚ್ಚು. ಬೊಕ್-ನಮ್ ಅನ್ನೋ ಸೊಸಿ ಹೊಲಾ ಮನಿ ಎಲ್ಲಾ ದುಡೀತಾಳ, ಗಂಡ ಹೊಡೀತಾನ, ಮೈದುನ ಬಿಡಂಗಿಲ್ಲ, ಮುದುಕ್ಯಾರು ನೋಡಿಯೂ ನೋಡದಂಗ ಇರ್ತಾರ. ಸೋಲ್ ಪಟ್ಟಣದಿಂದ ಬಂದ ಬಾಲ್ಯದ ಗೆಳತಿನೂ ಹಂಗ. ಅಕಿ ಕೂಸು ಸಾಯ್ತದ, ಪೊಲೀಸರು ಬಂದ್ರ ಎಲ್ಲಾರೂ ತಾನ ಬಿತ್ತು ಅಂತಾರ. ಗೆಳತಿ ಕಣ್ಣಾರೆ ನೋಡಿದ್ದು, ಮಲಗಿದ್ದೆ ಅಂತಾಳ. ಆಮ್ಯಾಲೆ ಒಂದು ದಿವಸ ಸುಡು ಬಿಸಲಾಗ ಬಟಾಟಿ ಅಗಿಯೂ ಮುಂದ ಬೊಕ್-ನಮ್ ನೆಟ್ಟಗ ಸೂರ್ಯನ್ನ ನೋಡ್ತಾಳ. ನೋಡಿ ಕುಡುಗೋಲು ತಗೋತಾಳ.

ಅತ್ತಿಯವ್ರು ನವಲಗುಂದ ಕಡೆಯವ್ರು, ಜ್ವಾಳಾ ಕೊಯ್ದ ಕೈ. "ತಡಾ ಮಾಡಿದ್ಲು" ಅಂದ್ರು, ಅಷ್ಟ. ಪಿಕ್ಚರ್ ಮುಗದ ಮ್ಯಾಲೆ ಎಲಿ ಅಡಕಿ ಹಾಕ್ಕೋತ, "ಗಂಡಂದೇನ್ ಬಿಡವಾ. ಆ ಮುದುಕ್ಯಾರು ಬಾಯಿ ತಗದಿದ್ರ ಅಂವ ಅಷ್ಟು ಬೆಳೀತಿದ್ದಿಲ್ಲ" ಅಂದ್ರು. ನಾ ಚಾ ಇಡ್ಲಿಕ್ಕೆ ಎದ್ದೆ.

ಅವತ್ತ ರಾತ್ರಿ ಹಾಸಿಗಿ ಹಾಸಿ ಕೊಡೂ ಮುಂದ ಕೇಳಿದ್ರು.

"ನಿನ್ನ ಪಾಟ್ಲಿ ಎಷ್ಟ ತೊಲಿ ಇದ್ದು?"

"ನಾಕು, ಅತ್ಯಾ."

"ಟ್ರೆಝರಿ ತಗಿಯೂ ಮುಂದ ನಾ ಅಲ್ಲೇ ನಿಂತಿದ್ದೆ."

ನಾ ಏನೂ ಅನಲಿಲ್ಲ. ಅವ್ರೂ ಮುಂದ ಮಾತಾಡಲಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು. ಇಪ್ಪತ್ತೆಂಟ ವರ್ಷದ ಮ್ಯಾಲೆ ಆ ಮನ್ಯಾಗ ಪಾಟ್ಲಿ ಅನ್ನೂ ಶಬ್ದಾ ನಾ ಕೇಳಿದ್ದು ಅದ ಮೊದಲ.

ಮುಂದಿನ ವಾರ ಅವ್ರಾಗೇ "ಆ ಕೆಂಪ ಕಣ್ಣಿನಾಕಿದು ಅಂತಿದ್ದೆಲ್ಲಾ, ಹಚ್ಚು" ಅಂದ್ರು. ಹಚ್ಚಿದೆ. ಕಡೀ ಭಾಗದಾಗ ಗುಮ್-ಜಾ ಆ ಖೂನಿಗಾರನ್ನ ಹಿಡದು, ಅಂವ ಕೊಂದ ಎಲ್ಲಾ ಮಕ್ಕಳ ತಂದಿ-ತಾಯಿನ್ನ ಒಂದು ಹಾಳುಬಿದ್ದ ಸಾಲಿಗೆ ಕರಸ್ತಾಳ. ಪೊಲೀಸರಿಗೆ ಕೊಡೂದೋ ನಾವ ನೋಡೂದೋ ಅಂತ ಅವ್ರು ಕೂತು ಚರ್ಚಾ ಮಾಡ್ತಾರ. ಮ್ಯಾಲೆ ಪ್ಲಾಸ್ಟಿಕ್ ರೇನ್‌ಕೋಟ್ ಹಾಕ್ಕೊಂಡು, ದವಾಖಾನ್ಯಾಗ ಪಾಳೇ ಹಚ್ಚಿದಂಗ ಸಾಲಾಗಿ ಕೂತಿರ್ತಾರ. ಎಲ್ಲಾ ಮುಗದ ಮ್ಯಾಲೆ ಬೇಕರ್‍ಯಾಗ ಕೂತು ಕೇಕ್ ತಿಂತಾರ. ಯಾರ ಮಾರಿ ಮ್ಯಾಲೂ ಖುಷಿ ಇಲ್ಲ, ಹಗುರ ಆದಂಗೂ ಇಲ್ಲ. ಅದರಾಗ ಒಬ್ಬೊಬ್ರ ಚೀಟಿ ಮ್ಯಾಲೆ ಏನೋ ಬರದು ಕೊಡ್ತಾರ. ಅತ್ತಿಯವ್ರು ನಿಲ್ಲಸಂದ್ರು.

"ಏನ್ ಬರೀತಾರ ಅವ್ರು?"

"ಬ್ಯಾಂಕ್ ಖಾತೆ ನಂಬರ್ ರೀ. ಮಕ್ಕಳನ್ನ ಬಿಡಿಸ್ಲಿಕ್ಕೆ ಅಂತ ಅವಂಗ ರೊಕ್ಕಾ ಕೊಟ್ಟಿದ್ರಲ್ಲ, ಅದು ವಾಪಸ್ ಬರ್ಲಿ ಅಂತ."

ನನಗ ಆ ಸೀನ್ ಮೊದಲ ಸಲ ನೋಡಿದಾಗ ಅಸಹ್ಯ ಅನಿಸಿತ್ತು. ಅತ್ತಿಯವ್ರಿಗೆ ಹಂಗ ಅನಿಸಲಿಲ್ಲ.

"ಬರೀಲಿ ಬಿಡು, ಅವರ ರೊಕ್ಕ ಅಲ್ಲೇನು" ಅಂದು, ಚಷ್ಮಾ ಒರಸ್ಕೊಂಡು, "ಹಚ್ಚು ಮುಂದ" ಅಂದ್ರು.