ಕೂತರೆ ಕೇಳ್ತಾರೆ, ನಡೆದರೆ ಕೇಳಲ್ಲ

ಬೆಂಗಳೂರಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಎಲ್ಲಾದರೂ ಕೂತರೆ ಯಾರಾದರೂ ಬಂದು ಕೇಳ್ತಾರೆ. ನಡೀತಾ ಇದ್ದರೆ ಯಾರೂ ಕೇಳಲ್ಲ. ಒಂದೂವರೆ ವರ್ಷದ ಪ್ರಾಕ್ಟಿಕಲ್ಸ್ ಆದ್ಮೇಲೆ ನಾವು ಕಂಡುಹಿಡಿದ ಥಿಯರಂ ಇದು. ಹೋದ ಸೆಮಿಸ್ಟರ್‌ನಲ್ಲಿ ಒಂದು ಪಾರ್ಕಿನ ಕಲ್ಲುಬೆಂಚಿನ ಮೇಲೆ (ಪಾರ್ಕಿನ ಹೆಸರು ಬೇಡ) ನಡುವೆ ಎರಡು ಬ್ಯಾಗ್ ಇಟ್ಕೊಂಡು ಫೂರಿಯೆ ಸೀರೀಸ್ ಲೆಕ್ಕ ಮಾಡ್ತಾ ಕೂತಿದ್ವಿ. ಲಾಠಿ ಹಿಡಿದವರೊಬ್ಬರು ಬಂದು ಐಡಿ ಕಾರ್ಡ್ ಕೇಳಿದ್ರು. ತೋರಿಸಿದ್ವಿ. "ಅಪ್ಪನ ನಂಬರ್ ಕೊಡಿ" ಅಂದ್ರು. ಕೊಡಲಿಲ್ಲ, ಎದ್ದು ಹೊರಟ್ವಿ. ಪಕ್ಕದ ಬೆಂಚಿನಲ್ಲಿ ಒಬ್ಬ ಅಂಕಲ್ ಕಾಲು ಚಾಚಿ ಗೊರಕೆ ಹೊಡೀತಿದ್ರು. ಅವರಪ್ಪನ ನಂಬರ್ ಯಾರೂ ಕೇಳಲಿಲ್ಲ.

ಅವತ್ತಿನಿಂದ ನಾವು ನಡೆಯೋರು. ಸೆಕೆಂಡ್ ಇಂಟರ್ನಲ್ಸ್ ಮುಗಿದ ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ ಬಸವನಗುಡಿಯಿಂದ ಚರ್ಚ್ ಸ್ಟ್ರೀಟ್‌ವರೆಗೆ ನಡೆದದ್ದನ್ನ ಬರೀತಿದೀವಿ. ಹೆಸರು ಹಾಕಿಲ್ಲ. ಕ್ಯಾಂಪಸ್‌ನಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ, ಆದರೆ ಊರಿನವರಿಗೆ ಲಿಂಕ್ ಫಾರ್ವರ್ಡ್ ಆಗೋದು ಬೇಡ. ಒಬ್ಬಳು ಸಿವಿಲ್, ದಾವಣಗೆರೆ. ಇನ್ನೊಬ್ಬ ಇಸಿ, ಪುತ್ತೂರು. ಇಬ್ಬರೂ ಇಂಗ್ಲಿಷ್ ಮೀಡಿಯಂ, ಹಾಗಾಗಿ ಒತ್ತಕ್ಷರ ಎಲ್ಲ ಸರಿ ಇದ್ದರೆ ಕ್ಲಬ್‌ನವರಿಗೆ ಥ್ಯಾಂಕ್ಸ್ ಹೇಳಿ.

ನ್ಯಾಷನಲ್ ಕಾಲೇಜು ಮೆಟ್ರೋದಲ್ಲಿ ಇಳಿದು ಮೊದಲು ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಲ್ಲಿ ಸುತ್ತಮುತ್ತಲ ವಿದ್ಯಾರ್ಥಿಗಳಿಗೆ ಅಂತ ಶುರುವಾದ ಹೋಟೆಲ್, ಹೆಸರೇ ಹೇಳುತ್ತೆ. ಈಗ ಭಾನುವಾರದ ಕ್ಯೂನಲ್ಲಿ ವಿದ್ಯಾರ್ಥಿಗಳಿಗಿಂತ ಮೊಮ್ಮಕ್ಕಳನ್ನ ಕರ್ಕೊಂಡು ಬಂದ ಹಳೇ ವಿದ್ಯಾರ್ಥಿಗಳೇ ಜಾಸ್ತಿ. ಇಲ್ಲಿ ಟೇಬಲ್ ಹಂಚಿಕೋಬೇಕು. ನಮ್ಮೆದುರು ಒಬ್ಬ ಅಜ್ಜ, ಅಜ್ಜಿ. ಸಪ್ಲೈಯರ್ ಒಂದೇ ಕೈಮೇಲೆ ದೋಸೆ ಪ್ಲೇಟುಗಳ ಗೋಪುರ ಹೊತ್ಕೊಂಡು ಬರೋದನ್ನ ನಾವು ಬಾಯಿಬಿಟ್ಟು ನೋಡ್ತಿದ್ದಾಗ ಅಜ್ಜಿ ಕೇಳಿದ್ರು, "ಊರು ನೋಡೋಕೆ ಬಂದಿದೀರಾ?" ಹೂಂ, ನಡ್ಕೊಂಡೇ ನೋಡ್ತೀವಿ ಅಂದ್ವಿ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು: "ನಮ್ಮನ್ನ ಮದುವೆಗೆ ಮುಂಚೆ ಒಟ್ಟಿಗೆ ನಡೆಯೋಕೆ ಬಿಡ್ತಿರಲಿಲ್ಲ. ಮದುವೆ ಆದ್ಮೇಲೆ ಇವರು ಯಾವಾಗಲೂ ನನಗಿಂತ ಹತ್ತು ಹೆಜ್ಜೆ ಮುಂದೆ. ಐವತ್ತು ವರ್ಷ ಇವರ ಬೆನ್ನೇ ನೋಡಿದೀನಿ." ಅಜ್ಜ ಚಟ್ನಿ ಕಡೆ ಬಹಳ ಗಮನ ಕೊಟ್ಟರು.

ಆ ಮಾತು ಇಡೀ ದಿನ ನಮ್ಮ ಜೊತೆ ನಡೀತು. ಯಾಕಂದ್ರೆ ಬೆಂಗಳೂರಲ್ಲಿ ಇಬ್ಬರು ಪಕ್ಕಪಕ್ಕ ನಡೆಯೋದು ಅಷ್ಟು ಸುಲಭ ಅಲ್ಲ, ಎರಡೂ ಅರ್ಥದಲ್ಲಿ.

ಲಾಲ್‌ಬಾಗ್‌ನಲ್ಲಿ ಆಯ್ತು. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ, ದಾರಿಗಳು ಅಗಲ, ಮರಗಳು ಇನ್ನೂ ಅಗಲ. ಗ್ಲಾಸ್ ಹೌಸ್ ಮುಂದೆ ಎಲ್ಲರೂ ಫೋಟೋ ತೆಗೀತಿದ್ರು, ನಾವೂ ತೆಗೆದ್ವಿ, ಸ್ಟೇಟಸ್‌ಗೆ ಹಾಕೋಕಾಗದ ಫೋಟೋ. ಆಮೇಲೆ ಬಂಡೆ ಹತ್ತಿದ್ವಿ. ಸುಮಾರು 300 ಕೋಟಿ ವರ್ಷದ ಬಂಡೆ, ಪೆನಿನ್ಸುಲರ್ ನೈಸ್, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸಿವಿಲ್‌ನವಳಿಗೆ ಜಿಯಾಲಜಿ ಪೇಪರಲ್ಲಿ ಇದೇ ಪ್ರಶ್ನೆ ಬಂದಿತ್ತಂತೆ. ಬಂಡೆಯ ಮೇಲೆ ಓರೆಯಾಗಿ ಹೋಗೋ ಬಿಳಿ, ಕಪ್ಪು ಪಟ್ಟಿಗಳನ್ನ ಬೆರಳಿಟ್ಟು ತೋರಿಸಿ, ಇದು ಕರಗಿ, ಮಡಿಸಿ, ಮತ್ತೆ ಗಟ್ಟಿಯಾದದ್ದು ಅಂತ ವಿವರಿಸಿದಳು. ಮೇಲೆ ಕೆಂಪೇಗೌಡ ಗೋಪುರ. ಊರು ಇಷ್ಟು ದೂರದವರೆಗೆ ಬೆಳೆಯುತ್ತೆ ಅಂತ ನಾಲ್ಕು ದಿಕ್ಕಿಗೆ ಕಟ್ಟಿಸಿದ ನಾಲ್ಕು ಗೋಪುರಗಳಲ್ಲಿ ಇದು ಒಂದು ಅಂತಾರೆ. ಅಲ್ಲಿ ನಿಂತು ನೋಡಿದರೆ ಊರು ಗೋಪುರಕ್ಕೆ ಕ್ಯಾರೇ ಅಂದಿಲ್ಲ, ಕಣ್ಣು ಹೋದಷ್ಟು ದೂರ ಕಟ್ಟಡ. ನಮ್ಮ ಕಾಲೇಜು ಆ ಮಂಜಿನ ಆಚೆ ಎಲ್ಲೋ.

ಮಿನರ್ವ ಸರ್ಕಲ್ ದಾಟಿ ಜೆ.ಸಿ. ರೋಡಿಗೆ ಬಂದಾಗ ಕಥೆ ಬದಲಾಯ್ತು. ಸಿವಿಲ್‌ನವಳ ಬ್ಯಾಗಲ್ಲಿ ಯಾವಾಗಲೂ ಒಂದು ಟೇಪ್ ಇರುತ್ತೆ. ಐಆರ್‌ಸಿ ಕೋಡ್ ಪ್ರಕಾರ ಫುಟ್‌ಪಾತ್ ಮೇಲೆ ಅಡೆತಡೆ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು. 1.8 ಅಂದ್ರೆ ಏನು ಗೊತ್ತಾ? ಇಬ್ಬರು ಆರಾಮಾಗಿ ಪಕ್ಕಪಕ್ಕ ನಡೆಯೋ ಅಗಲ. ಟ್ರಾನ್ಸ್‌ಫಾರ್ಮರ್ ಪಕ್ಕ ಒಂದು ಕಡೆ ಅಳೆದ್ವಿ, 62 ಸೆಂಟಿಮೀಟರ್. ಅದರಲ್ಲಿ ಅರ್ಧ ಒಂದು ಸ್ಕೂಟರ್. ಹಾಗಾಗಿ ಒಬ್ಬರ ಹಿಂದೆ ಒಬ್ಬರು. ಇಸಿ ಮುಂದೆ ಹೋದ. ಹತ್ತು ನಿಮಿಷ ಆದ್ಮೇಲೆ ಹಿಂದಿನಿಂದ ಕೂಗು ಬಂತು, "ಅಜ್ಜಾ, ನಿಲ್ಲಿ!" ಅಲ್ಲಿಂದ ಟೌನ್‌ಹಾಲ್‌ವರೆಗೆ ಅವಳು ಮುಂದೆ.

ಕೋಟೆಯಲ್ಲಿ ಜಾಸ್ತಿ ಜನ ಇರಲಿಲ್ಲ. ಮಾರ್ಕೆಟ್ ಫ್ಲೈಓವರ್ ಪಕ್ಕ ಉಳಿದಿರೋದು ಒಂದು ಬಾಗಿಲು, ಒಂದಷ್ಟು ಗೋಡೆ, ಒಳಗೊಂದು ಗಣಪತಿ ಗುಡಿ. 1537ರ ಮಣ್ಣಿನ ಕೋಟೆಯನ್ನ ಹೈದರಾಲಿ ಕಲ್ಲಿನದ್ದು ಮಾಡಿಸಿದ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ಒಡೆದು ನುಗ್ಗಿತು. ನುಗ್ಗಿದ ಜಾಗಕ್ಕೆ ಒಂದು ಕಲ್ಲುಫಲಕ ಇದೆ. ಒಡೆದ ಜಾಗಕ್ಕೆ ಬೋರ್ಡ್ ಹಾಕಿದ್ದಾರೆ, ಕಟ್ಟಿದ ಕೂಲಿಯವರಿಗೆ ಎಲ್ಲೂ ಇಲ್ಲ ಅಂತ ಸಿವಿಲ್‌ನವಳು ಗೊಣಗಿದಳು.

ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಒಬ್ಬರು ಹೂವಮ್ಮ ಕರೆದ್ರು. "ಬಾ ಮಗಾ, ಮಲ್ಲಿಗೆ ತಗೋ, ತಲೆ ಖಾಲಿ ಇಟ್ಕೊಂಡು ಓಡಾಡ್ತೀಯಲ್ಲ." ಒಂದು ಮೊಳ ಕೇಳಿದ್ವಿ. ಮೊಳ ಅನ್ನೋ ಯೂನಿಟ್ಟು ಮಾರೋರ ಕೈ ಮೇಲೆ ಡಿಪೆಂಡು, ಸ್ಟ್ಯಾಂಡರ್ಡ್ ಎರರ್ ಬೇರೆ ಬೇರೆ. ಈಯಮ್ಮನ ಕೈ ಚಿಕ್ಕದು. ಅಳೀತಾ ಅಳೀತಾ ಕೇಳಿದ್ರು, "ಮದ್ವೆ ಆಗೈತಾ?"

"ಇಲ್ಲಮ್ಮಾ."

"ಆಗ್ತೀರಾ?"

ನಾವು ಇದನ್ನ ಒಬ್ಬರನ್ನೊಬ್ಬರು ಯಾವತ್ತೂ ಇಷ್ಟು ನೇರವಾಗಿ ಕೇಳಿಲ್ಲ. ಹತ್ತೊಂಬತ್ತು ವರ್ಷಕ್ಕೆ ಕೇಳೋ ಪ್ರಶ್ನೆಯೂ ಅಲ್ಲ, ಬ್ಯಾಕ್‌ಲಾಗ್ ಕ್ಲಿಯರ್ ಆಗಲಿ ಮೊದಲು. ಆದರೆ ಸುಮ್ಮನಾದದ್ದು ಅದಕ್ಕಲ್ಲ. ನಮ್ಮಿಬ್ಬರ ಜಾತಿ ಬೇರೆ. ದಾವಣಗೆರೆ ಮನೆಯ ಹಜಾರದಲ್ಲಿ ದೊಡ್ಡಪ್ಪನ ಮಗಳ ಫೋಟೋ ಗೋಡೆಯಿಂದ ಇಳಿದು ಮೂರು ವರ್ಷ ಆಯ್ತು; ಮೊಳೆ ಇನ್ನೂ ಅಲ್ಲೇ ಇದೆ. ಪುತ್ತೂರಿನಲ್ಲಿ ಇಂಥ ವಿಷಯ ಜೋರಾಗಿ ಯಾರೂ ಮಾತಾಡಲ್ಲ, ಊಟದ ಹೊತ್ತಿಗೆ ಎಲ್ಲರೂ ತಟ್ಟೆ ನೋಡ್ತಾರೆ. ಹೂವಮ್ಮ ನಮ್ಮ ಮುಖ ನೋಡಿದ್ರು. ಮತ್ತೇನೂ ಕೇಳಲಿಲ್ಲ. ಇನ್ನೊಂದು ಗೇಣು ಸೇರಿಸಿ ಹಲ್ಲಿನಲ್ಲಿ ದಾರ ಕಡಿದು ಕೊಟ್ಟರು.

ಅವೆನ್ಯೂ ರಸ್ತೆಯ ಹಳೇ ಹೆಸರು ದೊಡ್ಡಪೇಟೆ. ಅದೂ ಚಿಕ್ಕಪೇಟೆಯೂ ಸೇರೋ ಕಡೆಯಿಂದಲೇ ಕೆಂಪೇಗೌಡ ನಾಲ್ಕು ದಿಕ್ಕಿಗೆ ಎತ್ತು ಹೂಡಿಸಿ ಊರಿನ ಬೀದಿ ಗುರುತು ಮಾಡಿಸಿದ ಅನ್ನೋ ಕಥೆ ಇದೆ. ಎರಡು ಜೋಡಿ ಎತ್ತು ಪಕ್ಕಪಕ್ಕ ಹೋಗೋಷ್ಟು ಅಗಲ ಇದ್ದಿರಬೇಕು ಆಗ. ಭಾನುವಾರ ಅಲ್ಲಿ ಹಳೇ ಪುಸ್ತಕಗಳ ರಾಶಿ ನೆಲದ ಮೇಲೆ ಇರುತ್ತೆ, ಸಿಗ್ನಲ್ಸ್ ಪುಸ್ತಕ ಒಂದನ್ನ ಎಂಬತ್ತು ರೂಪಾಯಿಗೆ ತಗೊಂಡ್ವಿ. ಮೈಸೂರು ಬ್ಯಾಂಕ್ ಸರ್ಕಲ್ ದಾಟಿ ಕೆ.ಆರ್. ಸರ್ಕಲ್‌ಗೆ ಬಂದಾಗ ಯುವಿಸಿಇ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರುಮಾಡಿಸಿದ ಎಂಜಿನಿಯರಿಂಗ್ ಕಾಲೇಜು. ಹೊರಗಿನಿಂದಲೇ ಕೈಮುಗಿದ್ವಿ, ಸಿಇಟಿ ರ‍್ಯಾಂಕ್ ಇನ್ನೊಂಚೂರು ಚೆನ್ನಾಗಿದ್ದಿದ್ರೆ ಅನ್ನೋ ಮಾತು ಬೇಡ.

ವಿಧಾನಸೌಧ, ಎದುರಿಗೆ ಅಠಾರಾ ಕಚೇರಿ. ಒಂದು 1956ರದ್ದು, ಬೂದು ಕಲ್ಲು. ಇನ್ನೊಂದು 1868ರದ್ದು, ಕೆಂಪು. ಹದಿನೆಂಟು ಇಲಾಖೆ ಇದ್ದದ್ದಕ್ಕೆ ಅಠಾರಾ, ಈಗ ಹೈಕೋರ್ಟು. ಹುಡುಗ ಹುಡುಗಿ ತಮಗೆ ಬೇಕಾದವರನ್ನ ಮದುವೆ ಆಗಬಹುದು ಅಂತ ಹೇಳೋ ಕಾನೂನು, ಸ್ಪೆಷಲ್ ಮ್ಯಾರೇಜ್ ಆಕ್ಟ್, 1954ರದ್ದು. ಅಂದ್ರೆ ವಿಧಾನಸೌಧಕ್ಕಿಂತ ಎರಡು ವರ್ಷ ದೊಡ್ಡದು. ಇದನ್ನ ಇಸಿ ಅಲ್ಲೇ ನಿಂತು ಗೂಗಲ್ ಮಾಡಿದ. ಸುಮ್ನೆ.

ಭಾನುವಾರ ಕಬ್ಬನ್ ಪಾರ್ಕಿನೊಳಗೆ ಗಾಡಿ ಬಿಡಲ್ಲ, ಇಡೀ ರಸ್ತೆ ನಡೆಯೋರದ್ದು. ಅಲ್ಲಿ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಒಳಗೆ ರಾಜ್ಯ ಕೇಂದ್ರ ಗ್ರಂಥಾಲಯ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಯೋಚನೆ ಮಾಡಿದ ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯ್ತು, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಇದನ್ನ ಇಸಿ ಕೈ ಬೀಸ್ಕೊಂಡು ಹೇಳ್ತಿದ್ದಾಗ ದಾವಣಗೆರೆಯಿಂದ ಫೋನ್ ಬಂತು.

"ಎಲ್ಲಿದೀಯೇ?"

"ಲೈಬ್ರರಿ ಮುಂದೆ ಅಮ್ಮಾ."

ಅಕ್ಷರಶಃ ನಿಜ. ಕಟ್ಟಡ ಇಪ್ಪತ್ತು ಅಡಿ ದೂರದಲ್ಲಿತ್ತು. ಪರೀಕ್ಷೆ ಹೇಗಾಯ್ತು, ಕೆಮ್ಮು ಕಡಿಮೆ ಆಯ್ತಾ, ಅಜ್ಜಿಯ ಮಂಡಿನೋವು, ಎಲ್ಲ ಮುಗೀತು. ಇಡೋ ಮುಂಚೆ ಅಮ್ಮ ಹೇಳಿದ್ದು, "ಬಿಸಿಲಲ್ಲಿ ಬಹಳ ತಿರುಗಬೇಡ್ರಿ. ಇಬ್ಬರೂ ಟೈಮಿಗೆ ಸರಿಯಾಗಿ ಊಟ ಮಾಡ್ರಿ."

ಫೋನ್ ಕಟ್ ಆಯ್ತು. ಸ್ಪೀಕರ್‌ನಲ್ಲಿ ಇರಲಿಲ್ಲ. ಇನ್ನೊಬ್ಬ ಇದಾನೆ ಅಂತ ಯಾರೂ ಹೇಳಿರಲಿಲ್ಲ. ಹೇಗೆ ಗೊತ್ತಾಯ್ತು, ಎಷ್ಟು ದಿನದಿಂದ ಗೊತ್ತು, ಇಳಿಸಿದ ಫೋಟೋದ ಮೊಳೆಯನ್ನ ಅಮ್ಮ ಕೀಳದೆ ಬಿಟ್ಟದ್ದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ, ಏನೂ ತಿಳಿಯಲಿಲ್ಲ. ಅಲ್ಲೇ ಇದ್ದ ಕಟ್ಟೆ ಮೇಲೆ ಕೂತ್ವಿ. ಬಹಳ ಹೊತ್ತು. ಯಾರೂ ಬಂದು ಕೇಳಲಿಲ್ಲ, ಹಾಗಾಗಿ ನಮ್ಮ ಥಿಯರಂಗೆ ಒಂದು ಎಕ್ಸೆಪ್ಷನ್ ಸಿಕ್ಕಂತಾಯ್ತು.

ಆಮೇಲೆ ಮಾತು ಕೇಳಿ ಊಟ ಮಾಡಿದ್ವಿ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಬಗ್ಗೆ ಉದ್ದಕ್ಕೆ ಬರೆಯಲ್ಲ, ನೀವೆಲ್ಲ ಸ್ಕೂಲ್ ಟ್ರಿಪ್‌ನಲ್ಲಿ ನೋಡಿರ್ತೀರಿ. ಒಂದು ಮಾತ್ರ: ಈಗ ಹೋದರೆ ಆಗ ಅರ್ಥವಾಗದ ಮಾಡೆಲ್‌ಗಳು ಅರ್ಥ ಆಗ್ತವೆ, ಫೀಸು ಕಟ್ಟಿದ್ದಕ್ಕೆ ಅಷ್ಟಾದರೂ ಸಮಾಧಾನ.

ಸಂಜೆ ಚರ್ಚ್ ಸ್ಟ್ರೀಟ್. ಕಲ್ಲು ಹಾಸಿದ ರಸ್ತೆ, ಅಗಲದ ಫುಟ್‌ಪಾತ್. ಟೇಪ್ ಹೊರಗೆ ಬರೋ ಮುಂಚೆಯೇ ಗೊತ್ತಾಯ್ತು, ಇಬ್ಬರಿಗೂ ಜಾಗ ಇದೆ. ಪುಸ್ತಕದಂಗಡಿಗಳ ಮುಂದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸಲ ನಡೆದ್ವಿ, ಏನೂ ಕೊಳ್ಳದೆ. ಫೋನು 23 ಸಾವಿರ ಹೆಜ್ಜೆ ತೋರಿಸ್ತಿತ್ತು. ಚಪ್ಪಲಿ ಹಾಕ್ಕೊಂಡು ಬಂದ ಇಸಿಯ ಹಿಮ್ಮಡಿಯಲ್ಲಿ ಗುಳ್ಳೆ. ಹಾಸ್ಟೆಲ್ ಗೇಟು ಎಂಟೂವರೆಗೆ, ಎಂ.ಜಿ. ರೋಡ್ ಸ್ಟೇಷನ್ನಿನ ಮೆಟ್ಟಿಲನ್ನ ಕುಂಟುತ್ತಾ ಹತ್ತಿದವನ ಪಕ್ಕದಲ್ಲೇ ಅವಳೂ ನಿಧಾನಕ್ಕೆ ಹತ್ತಿದಳು.