ಘಟೋತ್ಕಚನಿಗೆ ಎಷ್ಟು ಅಗಲದ ಪರದೆ ಬೇಕು?

ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ, ಇಲ್ಲಿನ ಜನ ಮ್ಯಾಟಿನಿ ಆಟವನ್ನು ಏಕೆ ಇಷ್ಟಪಡುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೋಟೆಗುಡ್ಡದ ಬಂಡೆಗಳು ಕಾದು ಕಾವಲಿಯಾಗುವ ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿಸಿ ಮನೆ ಹಿಡಿದಿರುವ ಮಕ್ಕಳನ್ನು ಕರೆದೊಯ್ಯಲು ಮೂರು ತಾಸಿನ ತಂಪು ಕತ್ತಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅದರಲ್ಲೂ ರಾಕ್ಷಸ, ಗದೆ, ಮಾಯೆ, ರಥಗಳ ಚಿತ್ರವಾದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಮನೆಯೇ ಹೊರಟು ನಿಲ್ಲುತ್ತದೆ. ಬಳ್ಳಾರಿ ರಾಘವರಂಥ ನಟ ಬಾಳಿದ ಊರು; ಬಣ್ಣ ಹಚ್ಚಿದ ಮುಖದ ಸೆಳೆತ ಇಲ್ಲಿ ಹಳೆಯದು.

ಆದರೆ ಈಗ ಹೊರಡುವ ಮುನ್ನ ಮನೆಯಲ್ಲೊಂದು ಪಂಚಾಯಿತಿ ನಡೆಯುತ್ತದೆ. ಮಕ್ಕಳಿಗೆ 3ಡಿ ಬೇಕು, ಅಪ್ಪನಿಗೆ ಟಿಕೆಟ್ ದರದ ಚಿಂತೆ, ಅಜ್ಜಿಗೆ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹೇಗೆ ಹಾಕುವುದೆಂಬ ಪ್ರಶ್ನೆ. ರನ್ನನ ಗದಾಯುದ್ಧದ ಎಳೆ ಹಿಡಿದ ಕನ್ನಡದ ‘ಕುರುಕ್ಷೇತ್ರ’ 2019ರ ಆಗಸ್ಟ್ 9ರಂದು ತೆರೆಗೆ ಬಂದಾಗ 2ಡಿ, 3ಡಿ ಎರಡೂ ಇದ್ದವು. ಒಂದೇ ದುರ್ಯೋಧನ, ಒಂದೇ ಗದೆ. ನೋಡುವ ಬಗೆ ಮಾತ್ರ ಎರಡು.

ಈ 3ಡಿಯ ಗುಟ್ಟು ಪರದೆಯಲ್ಲಿಲ್ಲ, ನಮ್ಮ ತಲೆಯಲ್ಲಿದೆ. ದೊಡ್ಡವರ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ. ಹಾಗಾಗಿ ಒಂದೊಂದು ಕಣ್ಣಿಗೂ ಜಗತ್ತು ತುಸು ಬೇರೆಯಾಗಿ ಕಾಣುತ್ತದೆ. ಮಿದುಳು ಎರಡನ್ನೂ ಬೆರೆಸಿ ಆಳ ಎಷ್ಟೆಂದು ಲೆಕ್ಕ ಹಾಕುತ್ತದೆ. ನಂಬಿಕೆಯಿಲ್ಲದಿದ್ದರೆ ಒಂದು ಕಣ್ಣು ಮುಚ್ಚಿ, ಕೈಚಾಚಿ ಎರಡು ಪೆನ್ನುಗಳ ತುದಿಗಳನ್ನು ಮುಟ್ಟಿಸಲು ನೋಡಿ. ಚಿತ್ರಮಂದಿರದಲ್ಲಿ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರವನ್ನು ಒಂದೇ ಪರದೆಯ ಮೇಲೆ ಬೀರುತ್ತಾರೆ. ಯಾವ ಚಿತ್ರ ಯಾವ ಕಣ್ಣಿಗೆ ಹೋಗಬೇಕೆಂದು ಸೋಸುವ ಕೆಲಸ ಕನ್ನಡಕದ್ದು. ಹೀಗೆ ಸೋಸುವಾಗ ಬೆಳಕು ಸೋರಿಹೋಗುತ್ತದೆ. 3ಡಿಯಲ್ಲಿ ಬಣ್ಣ ಮಂಕಾಯಿತೆಂದು ದೂರುವವರ ಮಾತು ಸುಳ್ಳಲ್ಲ. ರಾತ್ರಿಯ ಯುದ್ಧದ ದೃಶ್ಯಗಳಲ್ಲಿ ಯಾರು ಯಾರನ್ನು ಹೊಡೆದರೆಂಬುದೇ ಗೊತ್ತಾಗದೆ ಹೋಗುವುದುಂಟು. ನನ್ನ ಮಟ್ಟಿಗೆ, ಬೆಳಕು ಸರಿಯಿರುವ 2ಡಿ ಪರದೆ ಮಂಕು 3ಡಿಗಿಂತ ಎಷ್ಟೋ ವಾಸಿ.

ತಂದೆತಾಯಂದಿರು ಇನ್ನೊಂದು ಮಾತು ಗಮನಿಸಬೇಕು. ಎಲ್ಲರೂ ‘ಅಯ್ಯೋ, ಮುಖಕ್ಕೇ ಬಂತು’ ಎಂದು ಹಿಂದೆ ಸರಿಯುವಾಗ ನಿಮ್ಮ ಮಗುವಿಗೆ ಏನೂ ಅನ್ನಿಸದಿದ್ದರೆ, ಅಥವಾ ಪ್ರತಿಸಲವೂ ತಲೆನೋವೆಂದು ಕನ್ನಡಕ ಕಿತ್ತಿಟ್ಟರೆ, ಗದರಿಸಬೇಡಿ. ಎರಡು ಕಣ್ಣುಗಳು ಜೊತೆಗೂಡಿ ಕೆಲಸ ಮಾಡದಿರುವುದರ ಸೂಚನೆ ಅದಾಗಿರಬಹುದು. ಒಂದು ಕಣ್ಣು ಮಂದವಾಗಿದ್ದರೂ ಇನ್ನೊಂದರಿಂದಲೇ ಓದಿ ಬರೆದು ನಿಭಾಯಿಸುವ ಮಕ್ಕಳಿದ್ದಾರೆ. ಮನೆಯವರಿಗೆ ವರ್ಷಗಟ್ಟಲೆ ತಿಳಿಯುವುದೇ ಇಲ್ಲ. ಇಂಥದಕ್ಕೆ ಚಿಕಿತ್ಸೆ ಚಿಕ್ಕ ವಯಸ್ಸಿನಲ್ಲೇ ಹೆಚ್ಚು ಫಲ ಕೊಡುತ್ತದೆ. ಸಿನಿಮಾ ಟಿಕೆಟ್ಟಿನ ನೆಪದಲ್ಲಿ ಕಣ್ಣಿನ ಡಾಕ್ಟರರನ್ನು ಕಂಡರೆ ನಷ್ಟವೇನಿಲ್ಲ.

ಇನ್ನು ಐಮ್ಯಾಕ್ಸ್. ಅದು ಬೇಕೆಂದರೆ ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು ಬೆಂಗಳೂರು ಸೇರಬೇಕು. ಮೂಲದ ಐಮ್ಯಾಕ್ಸ್ ಫಿಲ್ಮಿನ ಒಂದು ಚೌಕಟ್ಟು ಸಾಮಾನ್ಯ 35 ಮಿಲಿಮೀಟರ್ ಚೌಕಟ್ಟಿಗಿಂತ ಹತ್ತಿರಹತ್ತಿರ ಹತ್ತು ಪಟ್ಟು ದೊಡ್ಡದು. ಈಗ ಬಹುತೇಕ ಕಡೆ ಡಿಜಿಟಲ್ ಆಗಿದೆ. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ ಐಮ್ಯಾಕ್ಸ್‌ನಲ್ಲೂ ಬಿಡುಗಡೆಯಾಯಿತು. ನಾಲ್ಕು ಜನರ ರೈಲು, ಊಟ, ಟಿಕೆಟ್ ಎಲ್ಲ ಕೂಡಿದರೆ ಒಂದು ಸಿನಿಮಾಕ್ಕೆ ಅದು ದುಬಾರಿ ಯಾತ್ರೆಯೇ ಸರಿ.

ಸಿರುಗುಪ್ಪದ ದಾರಿ ಹಿಡಿದರೆ ಲೆಕ್ಕ ಬೇರೆಯಾಗುತ್ತದೆ. ಕಾಲುವೆ ನೀರಿನ ಗದ್ದೆಗಳು, ಅಕ್ಕಿ ಗಿರಣಿಗಳು, ಅತ್ತ ತುಂಗಭದ್ರೆ, ಇತ್ತ ಆಂಧ್ರದ ಗಡಿ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದಾಗ ಸಿರುಗುಪ್ಪ ಮೈಸೂರಿಗೆ ಬಂತು, ಆದವಾನಿ ಆಂಧ್ರಕ್ಕೆ ಹೋಯಿತು. ಗಡಿ ಸರಿದರೂ ಸಿನಿಮಾದ ರುಚಿ ಸರಿಯಲಿಲ್ಲ. ಕೆ.ವಿ. ರೆಡ್ಡಿಯವರ ‘ಮಾಯಾಬಜಾರ್’ 1957ರಲ್ಲಿ ತೆಲುಗು, ತಮಿಳುಗಳಲ್ಲಿ ಬಂದದ್ದು. ಆಮೇಲೆ ಕನ್ನಡದ ಮಾತನ್ನೂ ಆಡಿತು. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಮದುವೆಯ ಅಡಿಗೆಯನ್ನೆಲ್ಲ ಒಬ್ಬನೇ ಮುಗಿಸುವಾಗ ಲಾಡುಗಳು ತಾವಾಗಿ ಹಾರಿ ಬಾಯಿ ಸೇರುತ್ತವೆ. ಕಂಪ್ಯೂಟರಿಲ್ಲದ ಕಾಲದ ಆಟ ಅದು. ಮಾರ್ಕಸ್ ಬಾರ್ಟ್ಲಿ ಕಪ್ಪು ಬಿಳುಪಿನಲ್ಲೇ ಬೆಳದಿಂಗಳನ್ನು ಸುರಿಸಿದ್ದರು.

ಅಂದಿನ ಟೂರಿಂಗ್ ಟಾಕೀಸಿನ ಡೇರೆಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ವೆಂಕಟೇಶನ ಮೇಲಿನ ಘಂಟಸಾಲರ ಹಾಡು ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ಆಟ ಶುರುವಾಗುವ ಹೊತ್ತಾಯಿತೆಂದೇ ಅರ್ಥ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಪ್ರೊಜೆಕ್ಟರ್ ಒಂದೇ, ಆದ್ದರಿಂದ ರೀಲು ಬದಲಿಸುವಾಗಲೆಲ್ಲ ವಿರಾಮ. ಆ ವಿರಾಮದಲ್ಲಿ ಕಡಲೆಕಾಯಿ. ಇದೇ ಚಿತ್ರಕ್ಕೆ 2010ರಲ್ಲಿ ಹೈದರಾಬಾದಿನ ಸಂಸ್ಥೆಯೊಂದು ಬಣ್ಣ ತುಂಬಿ, ಚೌಕಟ್ಟನ್ನು ಸಿನಿಮಾಸ್ಕೋಪಿಗೆ ಹಿಗ್ಗಿಸಿ ಮತ್ತೆ ತೆರೆಗೆ ತಂದಿತು. ಬಣ್ಣ ಚೆನ್ನಾಗಿಯೇ ಇತ್ತು. ಬೆಳದಿಂಗಳು ಮಾತ್ರ ಹಳೆಯದೇ ಚಂದ.

ಈ ಭಾಗದಲ್ಲಿ 2ಡಿ, 3ಡಿಗಳಿಗಿಂತ ದೊಡ್ಡ ಆಯ್ಕೆ ಭಾಷೆಯದು. 1960ರ ದಶಕದಿಂದ ಸುಮಾರು ಅರ್ಧ ಶತಮಾನ ಕನ್ನಡಕ್ಕೆ ಡಬ್ಬಿಂಗ್ ನಿಂತೇಹೋಗಿತ್ತು. 2015ರಲ್ಲಿ ‘ಬಾಹುಬಲಿ’ ಬಂದಾಗ ಸಿರುಗುಪ್ಪದ ಹುಡುಗರು ನೋಡಿದ್ದು ತೆಲುಗಿನಲ್ಲಿ. ಅದೇ ವರ್ಷ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದು, ಡಬ್ಬಿಂಗ್ ನಿಧಾನವಾಗಿ ಮರಳಿತು. 2022ರ ‘ಆರ್‌ಆರ್‌ಆರ್’, 2024ರ ‘ಕಲ್ಕಿ 2898 ಎಡಿ’ ಕನ್ನಡದಲ್ಲೂ ಬಂದವು. ಆದರೂ ಎರಡೂ ಭಾಷೆ ಬಲ್ಲ ಮನೆಗಳಲ್ಲಿ ಮೂಲದಲ್ಲೇ ನೋಡೋಣ ಎನ್ನುವವರು ಹೆಚ್ಚು. ಅದರಲ್ಲಿ ತಪ್ಪೇನಿಲ್ಲ. ಆದರೆ ದುರ್ಯೋಧನ ಕನ್ನಡದಲ್ಲಿ ಹೇಗೆ ಗರ್ಜಿಸುತ್ತಾನೆಂಬುದು ಮಗುವಿನ ಕಿವಿಗೆ ಬೀಳದೇ ಹೋದರೆ ರನ್ನನ ಪಾಠ ಬರೀ ಪರೀಕ್ಷೆಯ ಪಾಠವಾಗಿ ಉಳಿಯುತ್ತದೆ. ‘ಕಾಂತಾರ’ದ ನಂತರ ಗಾಳಿ ತಿರುಗಿ, ನಮ್ಮ ಕಥೆಯನ್ನು ಗಡಿಯಾಚೆಯವರು ತೆಲುಗಿನಲ್ಲಿ ನೋಡಿದ್ದೂ ಆಯಿತು.

ಕನ್ನಡದ ಆ ಗರ್ಜನೆ ಕೇಳಬೇಕೆಂದರೆ ಕುರುಗೋಡಿನ ಕಡೆ ಬನ್ನಿ. ಸಿಂದರು ಆಳಿದ ಊರು. ದೊಡ್ಡಬಸವೇಶ್ವರ ಗುಡಿಯ ಬೃಹತ್ ನಂದಿಯನ್ನು ಕಂಡು ಬೆರಗಾಗಲು ಯಾವ ಕನ್ನಡಕವೂ ಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಈ ಸೀಮೆಯ ಹಳ್ಳಿಗಳಲ್ಲಿ ದೊಡ್ಡಾಟದ ಅಟ್ಟ ಏಳುತ್ತದೆ. ತಿಂಗಳುಗಟ್ಟಲೆ ಮಾತು, ಹಾಡು, ಹೆಜ್ಜೆ ಕಲಿತ ರೈತರೇ ಭೀಮ, ದುರ್ಯೋಧನ. ಕಿರೀಟ, ಭುಜಕೀರ್ತಿ ಹೊತ್ತ ರಾಕ್ಷಸ ಹಲಗೆಯ ಮೇಲೆ ಕುಣಿದು ಬಂದರೆ ಧೂಳು ಮುಂದಿನ ಸಾಲಿನವರ ಮೂಗಿಗೇ ಬರುತ್ತದೆ. ಸಾರಥಿ ‘ತಾವು ಧಾರು?’ ಎಂದು ಕೇಳುತ್ತಾನೆ, ಪಾತ್ರಧಾರಿ ತನ್ನ ಬಿರುದುಗಳನ್ನೆಲ್ಲ ಹೇಳಿ ಮುಗಿಸಲು ಅರ್ಧ ತಾಸು ಹಿಡಿದರೂ ಯಾರೂ ಏಳುವುದಿಲ್ಲ. ಟಿಕೆಟ್ಟಿಲ್ಲ, ಮನೆಯಿಂದ ಚಾಪೆ, ಕಂಬಳಿ ತಂದರಾಯಿತು. ಮಕ್ಕಳು ನಡುರಾತ್ರಿಗೆ ನಿದ್ದೆ ಹೋಗುತ್ತವೆ. ಯುದ್ಧದ ಹೊತ್ತಿಗೆ ಮದ್ದಳೆಯ ಸದ್ದೇ ಅವರನ್ನು ಎಬ್ಬಿಸುತ್ತದೆ.