ಹಳೆಯ ಆಟದ ನವಾವತಾರ

ಅರುವತ್ತರ ವಯಸ್ಸಿನಲ್ಲಿ ಈ ನಿವೃತ್ತ ಉಪಾಧ್ಯಾಯನಿಗೆ ವೀಡಿಯೋ ಆಟದ ಗೀಳೇಕೆಂದು ವಾಚಕರು ನಗಬಹುದು, ನಗಲಿ. ಹಳೆಯ ಆಟಗಳನ್ನು ಹೊಸದಾಗಿ ರಚಿಸುವ ಪದ್ಧತಿಯು ಈಗ ಪ್ರಬಲವಾಗಿದೆ. ನನ್ನ ಮತದಲ್ಲಿ ಇದು ದೇವಾಲಯದ ಜೀರ್ಣೋದ್ಧಾರದಂತೆ: ಗೋಡೆ ಬದಲಾಗಬಹುದು, ಮೂಲಮೂರ್ತಿ ಬದಲಾಗಬಾರದು.

ಜೋರ್ಡನ್ ಮೆಕ್ನರರು 1989ರಲ್ಲಿ ರಚಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನೇ ನೋಡಿರಿ. ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸಲು ನಾಯಕನಿಗೆ ಅರುವತ್ತೇ ನಿಮಿಷಗಳ ಅವಧಿ. ಬಿದ್ದು ಸತ್ತರೆ ಮತ್ತೆ ಆರಂಭಿಸಬಹುದು; ಕಳೆದ ನಿಮಿಷವು ಮಾತ್ರ ಬಾರದು. 2003ರ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ ನವಾವತಾರದಲ್ಲಿ ನಾಯಕನ ಕಠಾರಿಗೆ ಕಾಲವನ್ನೇ ಹಿಂದಕ್ಕೆ ತಿರುಗಿಸುವ ಶಕ್ತಿಯುಂಟು. ಆದರೆ ಅದರೊಳಗಿನ ಮರಳು ತೀರುವವರೆಗೆ ಮಾತ್ರ. ಕಥೆ ಬೇರೆ, ರೂಪ ಬೇರೆ. ಕಾಲವೆಂಬ ಮೂಲವಸ್ತು ಒಂದೇ. ಸಾಧುವಾದ ನವೀಕರಣವೆಂದರೆ ಇದು.

ಈ ಎರಡನೆಯ ಆಟವನ್ನೇ ಪುನಃ ರಚಿಸುವುದಾಗಿ 2020ರಲ್ಲಿ ಪ್ರಕಾಶಕರು ಸಾರಿದರು; ಬಿಡುಗಡೆಯನ್ನು ಮತ್ತೆ ಮತ್ತೆ ಮುಂದೂಡಿ, 2026ರಲ್ಲಿ ಕೆಲಸವನ್ನೇ ಕೈಬಿಟ್ಟರು. ಆದುದರಿಂದ, ಬರಲಿರುವ ಆಟದ ಜಾಹಿರಾತನ್ನು ಕಂಡೊಡನೆ ಹಣ ಕೊಡಬೇಡಿರೆಂದು ಮನೆಯ ಮಕ್ಕಳಿಗೆ ಹೇಳುತ್ತೇನೆ. ಕೈಯಲ್ಲಿರುವ ಹಳೆಯದನ್ನು ಚೆನ್ನಾಗಿ ಆಡಿರಿ. ನನ್ನ ವಯಸ್ಸಿನವರ ಬಳಿಯಲ್ಲಂತೂ ಆ ಕಠಾರಿಯಿಲ್ಲ; ಐದಾರು ವರ್ಷ ಕಾಯುವುದು ನಮಗೆ ಸಣ್ಣ ಮಾತಲ್ಲ.